ಮೂವತ್ತೊಂದನೇ ಫ್ಯಾನಿನ ಕೆಳಗೆ

ಸೀಮೆಎಣ್ಣೆ ಡಬ್ಬಿ ಹಿಡಿದೇ ಬಂದಿದ್ದ ಬೋಸಯ್ಯ.
ಗುದ್ದಿನ ಬಾಯಿಗೆ ಸುರಿದು ಕಡ್ಡಿ ಗೀರಿದರೆ ಮುಗೀತು ಅಂದ.
ಅಂಗೈಯಗಲ ಐತಂತೆ, ಹಾರಿ ಮುಖಕ್ಕೇ ಬೀಳ್ತದಂತೆ,
ಕಚ್ಚಿದರೆ ನೀರು ಕೇಳೋಕೂ ಪುರುಸೊತ್ತಿಲ್ಲವಂತೆ.
ಅಂತೆ ಕಂತೆ ಸೇರಿ ಜೋಗಿಮಟ್ಟಿ ಬೆನ್ನಲ್ಲಿ ಸಂತೆಯೇ ನೆರೆದಿತ್ತು.
ಕಂಡವನು ನಾನೊಬ್ಬ.

ಒಂಬತ್ತು ವರ್ಷ ರಾತ್ರಿ ಪಾಳಿ.
ಮೇಲೆ ಫ್ಯಾನು ಕತ್ತಲನ್ನು ಸೀಳಿ ಸೀಳಿ
ದುರ್ಗಕ್ಕೆಲ್ಲ ಕರೆಂಟು ಕಳಿಸುತ್ತದೆ,
ನನ್ನ ಕ್ಯಾಬಿನ್ನಿನ ಬಲ್ಬು ಮಾತ್ರ ಮಿಣಮಿಣ.
ಕೆಳಗೆ, ಕಾಂಕ್ರೀಟು ಮುಗಿದು ಬಂಡೆ ಶುರುವಾಗುವಲ್ಲಿ
ಎರಡು ಬೆರಳು ಹಿಡಿಸುವ ಗುದ್ದು, ಅಂಚಿಗೆ ರೇಷ್ಮೆಯ ಗೋಟು.
ಇವಳು ಸೂರಿನ ಮೂಲೆಗೆ ಬಲೆ ಕಟ್ಟಿ ತೂಗಾಡುವ ಪೈಕಿ ಅಲ್ಲ,
ಮನೆಗೆ ಒಳಗಿನಿಂದ ಅಸ್ತರು ಹೊಲಿಯುವವಳು.
ನಾಲ್ಕು ಕಾಲು ಹೊಸ್ತಿಲ ಮೇಲೆ, ನಾಲ್ಕು ಒಳಗೆ.
ಟಾರ್ಚು ಬಿಟ್ಟರೆ ಹಿಂದಕ್ಕೆ ಸರಿಯುತ್ತಾಳೆ,
ಚೀಟಿ ದುಡ್ಡು ಕೇಳಲು ಬಂದವನ ದನಿ ಕೇಳಿದವರ ಹಾಗೆ.
ಕಣ್ಣು ಎಂಟಿವೆ, ನೋಟ ಮಂದ.
ಕಾಲಿನ ಕೂದಲಿನಲ್ಲೇ ಕೇಳಿಸಿಕೊಳ್ಳುತ್ತಾಳೆ:
ಜಿರಲೆ ನಡೆದರೆ ಊಟ,
ನಾನು ನಡೆದರೆ ಗಂಡಾಂತರ.

ಒಂದು ಮಳೆಗಾಲ ಸಣಕಲು ಗಂಡೊಂದು ಬಂತು.
ಹೊಸ್ತಿಲಲ್ಲಿ ನಿಂತು ನೆಲ ಬಡಿಯಿತು,
ತಬಲ ಕಲಿಯುವ ಹುಡುಗನಂತೆ, ಹೆದರಿ ಹೆದರಿ.
ತಿಂದೇಬಿಡ್ತಾಳೆ ಅಂದುಕೊಂಡು ಬೀಡಿ ಹಚ್ಚಿದೆ.
ಬೀಡಿ ಮುಗಿಯುವ ಮೊದಲೇ ಹೊರಬಂದು ಓಟ, ಎಂಟೂ ಕಾಲು ಸಮೇತ.
ತಿಂಗಳೊಪ್ಪತ್ತಿಗೆ ಕ್ಯಾಬಿನ್ನಿನ ಹಿಂದೆ ಸಿಕ್ಕ,
ಕಾಲೆಲ್ಲ ಮಡಚಿ ಮುಷ್ಟಿಯಾಗಿ.
ಯಾರೂ ಕೊಂದದ್ದಲ್ಲ. ಗಂಡಿಗೆ ಬರೆದದ್ದೇ ಅಷ್ಟು.
ಅವಳು, ನನ್ನ ಮಗಳು ಒಂದನೇ ಕ್ಲಾಸಿದ್ದಾಗಲೂ ಇದ್ದಳು,
ಈಗ ಹತ್ತನೇ ಪರೀಕ್ಷೆಗೆ ಓದುವಾಗಲೂ ಇದ್ದಾಳೆ.

ನಡುವೆ ಒಮ್ಮೆ ಸತ್ತಳು.
ಬೆಳಗಿನ ಜಾವ ಗುದ್ದಿನಾಚೆ ಬಿದ್ದಿದ್ದಳು.
ಚಾ ಕುಡಿಯಲಾಗಲಿಲ್ಲ. ಎತ್ತಿದೆ, ತೂಕವೇ ಇಲ್ಲ:
ಕಾಲು, ಕೂದಲು, ಕೋರೆಹಲ್ಲು, ಎಲ್ಲ ಇದ್ದೂ ಖಾಲಿ.
ಹಳೇ ಅಂಗಿ ಹೊರಗೆಸೆದು
ಒಳಗೆ ಹೊಸಬಳಾಗಿ ಕೂತಿದ್ದಳು ಪುಣ್ಯಾತ್ಗಿತ್ತಿ.
ಆ ಅಂಗಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ. ಕನ್ನಡಕ ಜೇಬಿನಲ್ಲಿ.

ಹೋದ ವರ್ಷ ನನ್ನ ಪಕ್ಕೆಗೆ ಗುಳ್ಳೆ ಎದ್ದು ಬೆಂಕಿ ಸುತ್ತಿಕೊಂಡಿತು.
ಜೇಡ ಉಚ್ಚೆ ಹೊಯ್ದದೆ, ಆ ಗುಡ್ಡದ್ದೇ, ಅಂದಳು ಅತ್ತೆ ಮಾರಕ್ಕ.
ಕೆಮ್ಮಣ್ಣು ಕಲಸಿ ಬಳಿದಳು.
ತಲೆ ಬಾಲ ಕೂಡಿದರೆ ಉಳಿಗಾಲವಿಲ್ಲ ಅಂತ
ದಿನಾ ದಾರ ಹಿಡಿದು ಅಳೆದಳು.
ಜಿಲ್ಲಾಸ್ಪತ್ರೆಯ ನಸ್ರೀನ್ ಡಾಕ್ಟರು ಕೇಳಿದ್ದು ಒಂದೇ ಮಾತು:
ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಾ?
ಆಗಿತ್ತು, ಏಳಕ್ಕೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು.
ಅದೇ ಇದು. ಹೋಗಿರಲೇ ಇಲ್ಲ,
ನರದ ಬುಡದಲ್ಲಿ ಮುದುರಿ ಮಲಗಿತ್ತು ಮೂವತ್ತೆಂಟು ವರ್ಷ.
ಹಾಗಾದರೆ
ಗುದ್ದು ಗುಡ್ಡದಲ್ಲಿರಲಿಲ್ಲ.

ಬೋಸಯ್ಯನಿಗೆ ಇದನ್ನೆಲ್ಲ ಹೇಳಲಿಲ್ಲ.
ಹಂಗಾದ್ರೆ ಕಚ್ಚೋದೇ ಇಲ್ವಾ ಅಂದ.
ಕಚ್ತದೆ, ಕೈ ಹಾಕಿದರೆ. ಬಾವು ಬರ್ತದೆ, ನೋವು ತಿನ್ನಬೇಕು.
ಸತ್ತವರ ಸುದ್ದಿ ನಾನಂತೂ ಕೇಳಿಲ್ಲ.
ಹಾರಿ ಮುಖಕ್ಕೆ ಬೀಳೋ ಮಾತು ಬಿಡು,
ಸೊಂಟದೆತ್ತರದಿಂದ ಬಿದ್ದರೆ ಅದರ ಹೊಟ್ಟೆಯೇ ಒಡೆದೀತು.
ನೆಲ ಅಂದರೆ ನಮಗಿಂತ ಅದಕ್ಕೇ ಭಯಭಕ್ತಿ.
ಡಬ್ಬಿ ಇಸಕೊಂಡೆ. ಸ್ಟೌವಿಗೆ ವಾರ ಬಂತು.

ಇನ್ನೊಂದು ಸುಳ್ಳು ಉಳಿದಿದೆ, ಅದು ನನ್ನ ಸ್ವಂತದ್ದು:
ಇವಳಿಗೆ ನನ್ನ ಹೆಜ್ಜೆಯ ಗುರುತು ಇದೆ ಅನ್ನೋದು.
ಇಲ್ಲ. ಮೊದಲ ರಾತ್ರಿ ಎಷ್ಟು ಬೇಗ ಒಳಸರಿದಳೋ
ನಿನ್ನೆಯೂ ಅಷ್ಟೇ ಬೇಗ.
ಗೊತ್ತು.
ಆದರೂ ಎರಡು ಗಂಟೆಯ ಸುತ್ತಿಗೆ ಹೊರಟಾಗ
ಆ ಬಂಡೆ ಬರುವ ಮೊದಲೇ
ಬೂಟು ಕಳಚಿ ಕೈಯಲ್ಲಿ ಹಿಡಿಯುತ್ತೇನೆ.