ಕಾಲು ತೆಗೆದ ಮೇಲೂ

ಬೈತಖೋಲದ ಧಕ್ಕೆಯಲ್ಲಿ ನನ್ನದು ಟ್ರಾಲರ್ ಕೆಲಸ.
ಡೀಸೆಲ್ ಪಂಪು, ಇಂಜೆಕ್ಟರು, ಉಪ್ಪು ತಿಂದ ನಟ್ಟು.
ಕಡಲಿಗೆ ಹೋಗುವ ಟರ್ಬೊಗೆ ಅವಸರವಿಲ್ಲ,
ಒಮ್ಮೆ ತಿರುಗಿತೆಂದರೆ ಬಂಗಡೆ ಸಿಗುವ ತನಕ ಒಂದೇ ರಾಗ.

ಸಾಯಲಿ ತಾಂಡೇಲ್ ತಂದದ್ದು ಬೇರೆ ಕಾಯಿಲೆ.
ಕೆಂಪು ಮಣ್ಣು ಮೆತ್ತಿದ ಕಾರು.
ಬಾನೆಟ್ ಎತ್ತಿ ಅಂದಳು:
"ಪುರ್ಸೋ, ತಿರುವಿನಲ್ಲಿ ಕಾಲು ತೆಗೆಯುತ್ತೇನೆ, ಮತ್ತೆ ತುಳಿಯುತ್ತೇನೆ.
ನಡುವೆ ಇದು ಯೋಚಿಸುತ್ತದೆ.
ಅರೆ ಕ್ಷಣ. ನನಗೆ ಆ ಅರೆ ಕ್ಷಣ ಬೇಡ."

ಗೊತ್ತು ನನಗೆ ಆ ಅರೆ ಕ್ಷಣ.
ಕೋಡಿಬಾಗದ ಶಾಲೆಯಲ್ಲಿ ಹಾಜರಿ ಕೂಗುವಾಗ
ನನ್ನ ಹೆಸರು ಬಂತು, ನಾನು ಎದ್ದೆ,
ಹ, ಹ, ಹಾ
ಹಾಜರ್ ಹೊರಬೀಳುವಷ್ಟರಲ್ಲಿ
ಮಾಸ್ತರು ಮ, ರ, ಸ ದಾಟಿ ಪುಸ್ತಕ ಮುಚ್ಚಿದ್ದರು.
ಎದುರಿಗೇ ನಿಂತ ಹುಡುಗ ವರ್ಷವಿಡೀ ಗೈರು.

ಟರ್ಬೊ ಅಂದರೆ ಇಷ್ಟೇ:
ಇಂಜಿನ್ ಬಿಟ್ಟ ಉಸಿರೇ ಗಿರಗಿಟ್ಲೆ ತಿರುಗಿಸಿ
ಇಂಜಿನ್ನಿನ ಬಾಯಿಗೇ ಗಾಳಿ ತುರುಕುತ್ತದೆ.
ಕಾಲು ತೆಗೆದರೆ ಉಸಿರು ಸಣ್ಣದು, ಗಿರಗಿಟ್ಲೆಗೆ ಸುಸ್ತು.
ಮತ್ತೆ ತುಳಿದರೆ ಮೊದಲಿನಿಂದ ಶುರು.

ಮದ್ದು ಉಂಟು, ಒರಟು ಮದ್ದು.
ಕಿಡಿಯನ್ನು ತಡಮಾಡಿ ಹಾರಿಸು. ಪೆಟ್ರೋಲು ಹೆಚ್ಚೇ ಸುರಿ.
ಥ್ರಾಟಲ್ ಕದ ಪೂರ್ತಿ ಮುಚ್ಚದೆ ಸಣ್ಣ ಸಂದು ಬಿಡು.
ಸಿಲಿಂಡರಿನೊಳಗೆ ಉರಿಯಬೇಕಾದ್ದು
ಮ್ಯಾನಿಫೋಲ್ಡಿನ ಗಂಟಲಲ್ಲಿ ಉರಿಯುತ್ತದೆ,
ಚಕ್ರ ನಿಲ್ಲುವುದಿಲ್ಲ.
ಸಾಯಲಿಯ ಲ್ಯಾಪ್‌ಟಾಪಿನಲ್ಲಿ ಅದು ನಾಲ್ಕು ಅಂಕಿ.
ನನಗೆ ಅದು, ಅಡುಗೆ ಮುಗಿದ ಮೇಲೂ
ಒಲೆಬಾಯಿಗೆ ಕರಟ ಹಾಕುತ್ತಲೇ ಇದ್ದ ನನ್ನಜ್ಜಿ:
"ಬೋಟು ಯಾವ ಹೊತ್ತಿಗೆ ಬರುತ್ತದೋ, ಬಿಸಿನೀರು ಬೇಕಲ್ಲ."

ಸದಾಶಿವಗಡ ದಾಟಿ ಕದ್ರಾ ರಸ್ತೆಯಲ್ಲಿ, ಬೆಳಗಿನ ಐದಕ್ಕೆ,
ಅವಳು ಕಾಲು ತೆಗೆದಳು.
ಢಂ. ಢಢಂ. ಢಂ.
ಸೈಲೆನ್ಸರಿನ ಬಾಯಲ್ಲಿ ನೀಲಿ ನಾಲಿಗೆ.
ಹಣಕೋಣದಲ್ಲಿ ಹಾಲಿನವ ಸೈಕಲ್ಲಿನಿಂದ ಇಳಿದು
ನೇವಿಯವರು ಇವತ್ತು ಇತ್ತ ಬಂದರೋ ಅಂದ.
ಯಾರದೋ ಮದುವೆಯ ಗರ್ನಾಲು ಅಂದಳು ಒಬ್ಬ ಮುದುಕಿ,
ಧನುರ್ಮಾಸದಲ್ಲಿ ಯಾವ ಮುಂಡೇದರ ಲಗ್ನ ಎಂದು ತಾನೇ ಬೈದಳು.
ಪಕ್ಕದ ಸೀಟಿನಲ್ಲಿ, ಹೆಲ್ಮೆಟ್ಟಿನೊಳಗೆ, ನಾನು ನಗುತ್ತಿದ್ದೆ.
ಒಂದು ಯಂತ್ರ ಉಗ್ಗುತ್ತಿದೆ,
ಅದೂ ಇಷ್ಟು ಜೋರಾಗಿ, ನಾಚಿಕೆಯೇ ಇಲ್ಲದೆ,
ಉಗ್ಗುತ್ತಲೇ ಮುಂದೆ ಹೋಗುತ್ತಿದೆ.

ಬೆಲೆ ಮೊದಲೇ ಹೇಳಿದ್ದೆ, ಚೀಟಿಯಲ್ಲಿ ಬರೆದು:
ಈ ಬೆಂಕಿ ತಾನು ಕಾಯುವುದನ್ನೇ ತಿನ್ನುತ್ತದೆ.
ಎರಡು ರ‍್ಯಾಲಿ, ಹೆಚ್ಚೆಂದರೆ ಮೂರು.
ಅವಳು ಚೀಟಿಯನ್ನು ಸನ್ ವೈಸರಿಗೆ ಸಿಕ್ಕಿಸಿ, ಸಾಕು ಅಂದಳು.

ಅದು ಒಂದನ್ನೂ ಮುಗಿಸಲಿಲ್ಲ.
ಜೊಯಿಡಾ ಕಡೆಯ ನಾಲ್ಕನೇ ಸ್ಟೇಜು,
ಹದಿನಾರು ತಿರುವಿನಲ್ಲಿ ಹದಿನೈದು ಅವಳವು.
ಹದಿನಾರರಲ್ಲಿ ಸಿಳ್ಳೆ, ಆಮೇಲೆ ಸಿಳ್ಳೆ ಇಲ್ಲ,
ಆಮೇಲೆ ಬಿಳಿ ಹೊಗೆ.

ಸರ್ವಿಸ್ ಪಾರ್ಕಿಗೆ ಎಳೆದು ತಂದರು.
ಕೈಗವಸು ಹಾಕಿ ಹೌಸಿಂಗ್ ಬಿಚ್ಚಿದೆ.
ಟರ್ಬೈನಿನ ಹನ್ನೊಂದು ಎಸಳಲ್ಲಿ ಮೂರಿಲ್ಲ,
ಉಳಿದವು ಇಲಿ ಕಚ್ಚಿದ ಹಪ್ಪಳದ ಅಂಚು.

ಹೆಲ್ಮೆಟ್ ಕಂಕುಳಲ್ಲಿ, ಮುಖದ ತುಂಬ ಧೂಳು,
ಸಾಯಲಿ ಬಂದು ಕೇಳಿದಳು: "ಏನು ಹೋಯಿತು?"

ಉತ್ತರ ನಾಲಿಗೆಯ ಮೇಲಿತ್ತು.
ಟ, ಅಂದೆ. ಟ, ಟ.
ಸುತ್ತ ನಿಂತವರಲ್ಲಿ ಒಬ್ಬ ಟೈಮಿಂಗ್ ಬೆಲ್ಟಾ ಅಂದ,
ಇನ್ನೊಬ್ಬ, ಟಯರಾ.
ಎಲ್ಲರೂ ನನಗೆ ಶಬ್ದ ಸಾಲ ಕೊಡುವವರೇ.
ಅವಳು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು.

ಗಡಿಯಾರ ನೋಡಲಿಲ್ಲ.
ನನ್ನ ಬಾಯನ್ನೂ ನೋಡಲಿಲ್ಲ, ಕಣ್ಣು ನೋಡಿದಳು.
ತಣ್ಣಗಾಗುತ್ತಿದ್ದ ಕಬ್ಬಿಣ ನಮ್ಮಿಬ್ಬರ ನಡುವೆ
ಟಿಣ್ ಅಂತು, ಸ್ವಲ್ಪ ಬಿಟ್ಟು
ಟಿಣ್,
ಇನ್ನೂ ಸ್ವಲ್ಪ ಬಿಟ್ಟು