ಡಸ್ ನಾಟ್

ಮೈಂದರ್ಗಿಯ ಕನ್ನಡ ಶಾಲೆ, ಆರನೇ ಇಯತ್ತೆ.
ಬೋರ್ಡಿನ ಮೂಲೆಯಲ್ಲಿ ಮರಾಠಿ ತಾಸಿನ 'ನಾಹೀ'
ಇನ್ನೂ ಅಳಿಸಿಲ್ಲ.
ಅದರ ಪಕ್ಕದಲ್ಲೇ ಬರೆಯುತ್ತೇನೆ:
ಶೀ ಕಮ್ಸ್. ಅವಳು ಬರುತ್ತಾಳೆ.
ಬರುವುದಿಲ್ಲ ಅನ್ನಬೇಕಾದರೆ?

ನಮ್ಮಲ್ಲಿ ಸಲೀಸು.
ಮಾತಿನ ಬೆನ್ನಿಗೊಂದು ಇಲ್ಲ,
ಕೇಳಬೇಕೆಂದರೆ ಬಾಲಕ್ಕೊಂದು ಏನು.
ಬೇಡ, ಒಲ್ಲೆ, ಅಲ್ಲ, ಆಗದು, ಕೂಡದು...
ಬಡವರ ಮನೆ ನಮ್ಮದು,
ಇಲ್ಲಕ್ಕೆ ಮಾತ್ರ ಬರವಿಲ್ಲ.

ಇಂಗ್ಲಿಷಿನಲ್ಲಿ ಹಾಗಲ್ಲ.
ಒಬ್ಬ ಬರುತ್ತಾನೆ, ಡಸ್ ಅಂತ ಹೆಸರು.
ಅವನಿಗೆ ಸ್ವಂತದ ಅರ್ಥವಿಲ್ಲ, ಉದ್ಯೋಗವಿಲ್ಲ.
ಆದರೂ ಇಲ್ಲ ಅನ್ನಲು ಅವನೇ ಬೇಕು,
ಪ್ರಶ್ನೆಯಿದ್ದರಂತೂ ಚಪ್ಪಲಿ ಕಳಚದೆ
ಎಲ್ಲರಿಗಿಂತ ಮುಂದೆ ಒಳಗೆ ಬರುತ್ತಾನೆ.
ಬಂದವನೇ ಕಮ್ಸ್‌ನ ತುದಿಯ ಎಸ್ ಬಿಚ್ಚಿಸಿ
ತಾನು ತೊಡುತ್ತಾನೆ.

"ಎಸ್ ಎಲ್ಲಿ ಹೋತ್ರಿ ಅಕ್ಕೋರ?" ದಾವಲ್ ಕೇಳುತ್ತಾನೆ.
ಡಸ್ ಹಾಕ್ಕೊಂಡಾನ.
"ತಿರುಗಿ ಕೊಡ್ತಾನೇನ್ರಿ?"
ಹೌದು ಅನ್ನುವಾಗ ಕೊಡ್ತಾನ.

ಪುಸ್ತಕದಲ್ಲಿ ಹತ್ತು ವಾಕ್ಯ. ಎಲ್ಲವನ್ನೂ ಇಲ್ಲ ಮಾಡಿರಿ.
ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ.
ಸೈಬಣ್ಣ ಪೆನ್ಸಿಲ್ ಕೆಳಗಿಟ್ಟ.
"ಹಿಂಗ ಬರದ್ರ ನಾಳೆ ಬೆಳಗಾಗಂಗಿಲ್ಲೇನ್ರಿ?"
ಬರಿಯಪ್ಪಾ, ಆಗತದ, ಅಂದೆ.
ಕಿಟಕಿಯ ಕಡೆ ಒಂದು ಕಣ್ಣಿಟ್ಟೇ ಬರೆದ.

ಹನ್ನೊಂದನೆಯದು ನಿಮ್ಮ ನಿಮ್ಮ ಮನೆಯದು, ಅಂದಿದ್ದೆ.
ಆಡು ಹಾಲು ಕೊಡುವುದಿಲ್ಲ.
ಅಕ್ಕಲಕೋಟೆಯ ಬಸ್ಸು ನಮ್ಮ ಓಣಿಗೆ ಬರುವುದಿಲ್ಲ.
ಕಾಕಾ ದೊಡ್ಡಪ್ಪನ ಕೂಡ ಮಾತಾಡುವುದಿಲ್ಲ.
ಪುತಳಾ ಹಟಗಾರ ಬರೆದದ್ದು:
ದ ಲೂಮ್ ಡಸ್ ನಾಟ್ ರನ್.

ಅವರ ಲೂಮು ಹೋಗಿ ಎರಡು ವರ್ಷ.
ಸೋಲಾಪುರದ ಗುಜರಿಯವನು ತಕ್ಕಡಿ ತಂದಿದ್ದ,
ಊರಿಗೆಲ್ಲ ಗೊತ್ತು.
ಕೆಂಪು ಶಾಯಿಯಲ್ಲಿ ಗೀರು ಎಳೆದೆ.
ಇಲ್ಲದ ಲೂಮು ಓಡದೆ ಇರುವುದು ಹೇಗೆ, ಹುಡುಗಿ?
ಇದು ಭೂತಕಾಲ. ಮುಗಿದದ್ದು.

"ಮುಗಿದಿಲ್ರಿ," ಅಂದಳು.
"ದಿನಾ ಆಗೋದಕ್ಕ ಹಿಂಗ ಬರೀಬೇಕಂತ ನೀವ ಹೇಳೀರಿ.
ದಿನಾ ನಸುಕಿನ್ಯಾಗ ಐದಕ್ಕ ಅದು ಓಡಂಗಿಲ್ಲ.
ಖಟಕ್ ಅನ್ನಂಗಿಲ್ಲ.
ಅಪ್ಪ ಎದ್ದು ಕೂಡ್ತಾನ.
ನನಗ ಎಚ್ಚರ ಆಗತದ."

ಪಟ್ಟಿಯ ಅಂಚನ್ನು ಹೆಬ್ಬೆರಳಿಂದ ಮಡಚುತ್ತ, ಬಿಡಿಸುತ್ತ ನಿಂತಿದ್ದಳು.
ಕೆಂಪು ಶಾಯಿ ರಬ್ಬರಿಗೆ ಹೋಗುವುದಿಲ್ಲ.
ಗೀರಿನ ಮೇಲೆಯೇ ಇನ್ನೊಮ್ಮೆ ಡಸ್ ಬರೆದೆ,
ಸರಿ ಎಂದು ಗುರುತು ಹಾಕಿದೆ.

ಎಂಟು ವರ್ಷದಿಂದ ಆ ಓಣಿಯಲ್ಲೇ ನನ್ನ ಹಾದಿ.
ನಾಳೆ ಪ್ರಶ್ನೆ ಮಾಡುವ ಪಾಠ.
ಡಸ್ ಮೊದಲು, ಲೂಮು ಆಮೇಲೆ,
ಕೊನೆಗೊಂದು ಕೊಕ್ಕೆ.
ಅವಳು ಕೇಳಿದರೆ ನಾನು ಏನು ಹೇಳಲಿ,
ಅದನ್ನೇ ಲೆಕ್ಕ ಹಾಕುತ್ತ
'ನಾಹೀ'ಯ ಜೊತೆಗೆ ನನ್ನದನ್ನೂ ಒರೆಸಿದೆ.