ಸೆವ್ರಿನ್ ಬಾಯಿಯ ಹೆಬ್ಬೆರಳು

ಜೆಪ್ಪು ಸೊಸೈಟಿಯಲ್ಲಿ ಅಕ್ಕಿ ತೂಗುವವನು ನಾನು,
ತಿಂಗಳಿಗೆ ಹದಿನೆಂಟು ದಿನ.
ಉಳಿದ ದಿನ ಸರ್ವರ್ ಇರುವುದಿಲ್ಲ,
ಸರ್ವರ್ ಇಲ್ಲದಾಗ ನಾನೂ ಇದ್ದು ಪ್ರಯೋಜನವಿಲ್ಲ.

ಸೆವ್ರಿನ್ ಬಾಯಿ ಬರುವುದು ಎಲ್ಲರಿಗಿಂತ ಕೊನೆಗೆ,
ಕ್ಯೂ ಕರಗಿದ ಮೇಲೆ,
ಸಿಮೆಂಟಿನ ಖಾಲಿ ಚೀಲವನ್ನು ಮಡಚಿ
ಪೂಜೆಯ ಪುಸ್ತಕದ ಹಾಗೆ ಕಂಕುಳಲ್ಲಿಟ್ಟು.
"ಹೆಬ್ಬೆರಳು ಇಡಿ."
ಇಡುತ್ತಾರೆ. ಯಂತ್ರ ಕೆಂಪಗಾಗುತ್ತದೆ.
ಸೆರಗಿಗೆ ಒರೆಸಿ, ಉಸಿರು ಊದಿ, ಇನ್ನೊಮ್ಮೆ.
ಕೆಂಪು.
ತೋರುಬೆರಳು ಕೆಂಪು. ಎಡಗೈ ಕೆಂಪು.
ಹತ್ತೂ ಮುಗಿದಾಗ ಅಂಗೈ ಮಗುಚಿ ಹಿಡಿದು
"ಸಾಣೆ ಹಿಡಿದದ್ದು ಮಾರಾಯ,
ಇಪ್ಪತ್ತಾರು ವರ್ಷ, ಹಂಚಿನ ಫ್ಯಾಕ್ಟರಿ"
ಎನ್ನುತ್ತಾರೆ, ಹೊಸ ಬಳೆ ತೋರಿಸುವವರ ಹಾಗೆ.

ಒಂದು ಹೊರೆಗೆ ಎಂಟು ಹಂಚು.
ಫ್ಯಾಕ್ಟರಿ ಇದ್ದಲ್ಲಿ ಈಗ ಫ್ಲ್ಯಾಟು,
ಹನ್ನೊಂದು ಮಾಳಿಗೆ, ಹೆಸರಿಗೂ ಒಂದು ಹಂಚಿಲ್ಲ.
ಪಿಂಚಣಿ ಬರುತ್ತದೆ, ಇಲ್ಲವೆಂದಲ್ಲ:
ಸಾವಿರದ ನಲವತ್ತು.
ಬಿಪಿಯ ಗುಳಿಗೆ ಏರಿದರೂ ಅದು ಅಷ್ಟೇ,
ಬೂತಾಯಿ ಏರಿದರೂ ಅಷ್ಟೇ.
"ಎರಡು ದಿನಕ್ಕೆ ಎರಡು ಮೀನು.
ಮೂರನೇ ದಿನ ಉಪ್ಪಿನಕಾಯಿ.
ನಾಲ್ಕನೇ ದಿನ ನೀನೇ ಹೇಳು."

ಓಟಿಪಿ ಹೋಗುವುದು ನೆರೆಮನೆಯ ನಫೀಸಳ ಫೋನಿಗೆ.
ನಫೀಸ ಯಾರದೋ ಮದುವೆಯ ಅಡುಗೆಯಲ್ಲಿ,
ಮೊಣಕೈವರೆಗೆ ಮಸಾಲೆ.
ಕಾಯುತ್ತೇವೆ.

ಬಾಯಿ ಮಾಡಿನ ಕಡೆ ನೋಡುತ್ತಾರೆ.
"ಆ ಹಂಚು ನಮ್ಮದೇ.
ಹಸಿ ಇರುವಾಗ, ಮೇಸ್ತ್ರಿ ಆಚೆ ತಿರುಗಿದರೆ,
ನಾವು ಹೆಂಗಸರು ಒಳಮೈಗೆ ಹೆಬ್ಬೆರಳು ಒತ್ತುತ್ತಿದ್ದೆವು.
ಸುಮ್ಮನೆ, ತಮಾಷೆಗೆ.
ಆಗ ನನಗೂ ಗೆರೆ ಇತ್ತು."

ಜೂನಿನಲ್ಲಿ ಮೂಟೆಗಳ ಮೇಲೆ ಸೋರಿದಾಗ
ಏಣಿ ಹತ್ತಿದವನು
ಯಾರಿಗೂ ಹೇಳದೆ ಹದಿನೇಳು ಹಂಚು ಮಗುಚಿ ನೋಡಿದೆ.
ಪಾಚಿ. ಜೇಡ. ಕಂಪೆನಿಯ ಹೆಸರು.
ಹದಿನೆಂಟನೆಯದರಲ್ಲಿ ಬೆಕ್ಕಿನ ಹೆಜ್ಜೆ,
ನಾಲ್ಕು ಬೆರಳು, ಅಚ್ಚುಕಟ್ಟು,
ಯಾವ ಯಂತ್ರವೂ ಒಪ್ಪುವಂಥದ್ದು.

ಹೇಳಿದೆ. ಕೆಮ್ಮು ಬರುವವರೆಗೆ ನಕ್ಕರು.
"ಅದು ನಮ್ಮ ಮಿಂಕು! ಗೂಡಿನ ಬಿಸಿಗೆ ಮಲಗುತ್ತಿತ್ತು.
ಅದರ ಹೆಸರಿಗಾದರೂ ಒಂದು ಕಾರ್ಡು ಮಾಡು,
ಅಕ್ಕಿ ನಾನು ಒಯ್ಯುತ್ತೇನೆ."

ಓಟಿಪಿ ಬಂತು. ಹಸಿರು.
ತೂಗಿದೆ ಹತ್ತು ಕಿಲೋ, ಬೆಳ್ತಿಗೆ.
ಈ ಊರಿನ ಹೊಟ್ಟೆ ಕೇಳುವುದು ಕುಚ್ಚಲು,
ಕೆಂಪು, ದಪ್ಪ, ಬೇಯಲು ಹಟ ಮಾಡುವಂಥದ್ದು,
ತಿಳಿಯೂ ಊಟವೇ ಆಗುವಂಥದ್ದು.
ಬೆಳ್ತಿಗೆಯಾದರೆ ಉಂಡ ಸುದ್ದಿ
ಹೊಟ್ಟೆಗೆ ಮುಟ್ಟುವುದೇ ಇಲ್ಲ ಎನ್ನುತ್ತಾರೆ ಬಾಯಿ.
ಹಾಗಾಗಿ ಚೀಲ ಮನೆಗೆ ಹೋಗುವುದಿಲ್ಲ,
ನೇರ ನಫೀಸಳ ಅಡುಗೆಮನೆಗೆ.
ಅಲ್ಲಿ ನೆನೆದು ಅರೆದು ನೀರುದೋಸೆಯಾಗುತ್ತದೆ;
ಇತ್ತ ಆರು ಕಿಲೋ ಕುಚ್ಚಲು ಮರಳುತ್ತದೆ,
ಮದುವೆಯಿದ್ದ ದಿನ ಒಂದು ತಪ್ಪಲೆ ಸಾರೂ.

ರೇಷನ್ ಅಕ್ಕಿ ಕೈ ಬದಲಾಗಬಾರದೆಂದು
ನನ್ನ ತಲೆಯ ಹಿಂದೆ ಗೋಡೆಯಲ್ಲಿ ಬರೆದಿದೆ.
ಬರೆದವನು ನಾನೇ; ಅಕ್ಷರ ಚೆಂದ ಉಂಟು ಎಂದಿದ್ದರು ಸೆಕ್ರೆಟರಿ.
ಬಾಯಿ ಅದನ್ನು ಪ್ರತಿ ತಿಂಗಳೂ ಓದುತ್ತಾರೆ,
ಗಟ್ಟಿಯಾಗಿ, ಒಂದೊಂದೇ ಅಕ್ಷರ.
ಓದಿ ಮುಗಿಸಿ,
ಚೀಲ ತಲೆಗೇರಿಸು ಎಂಬಂತೆ ನನ್ನ ಕಡೆ ನೋಡುತ್ತಾರೆ.

ಏರಿಸುತ್ತೇನೆ.
ಎಪ್ಪತ್ಮೂರರ ಕುತ್ತಿಗೆ ಒಮ್ಮೆ ಅಲುಗಿ ನಿಲ್ಲುತ್ತದೆ.
ಎಂಟು ಹಂಚಿನ ಅರ್ಧವೂ ಇಲ್ಲ ಇದು.
ಮೆಟ್ಟಿಲು ಇಳಿಯುತ್ತ, ತಿರುಗಲಾರದೆ, ಎದುರಿನ ರಸ್ತೆಯನ್ನೇ ಕೇಳುತ್ತಾರೆ:
"ಮುಂದಿನ ತಿಂಗಳಿಂದ ಕುಚ್ಚಲೇ ಬರುತ್ತದಂತೆ, ಹೌದಾ?"

"ಬರುತ್ತದಂತೆ" ಎನ್ನುತ್ತೇನೆ.
ಹೋದ ವರ್ಷವೂ ಅಂದಿದ್ದೆ.